ಕ್ಯಾಲೆಂಡರ್ ಕಿತ್ತ ಗೋಡೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮರುದಿನ ಹುಡುಗರು ಮಾಡುವ ಮೊದಲ ಕೆಲಸ ಯಾವುದು ಗೊತ್ತೆ? ಗೋಡೆಗೆ ಅಂಟಿಸಿಕೊಂಡಿದ್ದ ವೇಳಾಪಟ್ಟಿಯನ್ನು ಕಿತ್ತೆಸೆಯುವುದು. ಕಿತ್ತಾಗ ಎರಡರಲ್ಲಿ ಒಂದು ಆಗಿಯೇ ಆಗುತ್ತದೆ. ಇಲ್ಲವೇ ಕಾಗದದ ಜೊತೆಗೆ ಅಂಗೈಯಗಲದ ಸುಣ್ಣದ ಹೆಕ್ಕಳಿಕೆಯೂ ಎದ್ದು ಬರುತ್ತದೆ, ಇಲ್ಲವೇ ಕಾಗದದ ಮೇಲ್ಪದರ ಮಾತ್ರ ಕೈಗೆ ಬಂದು ಒಳಪದರ ಗೋಡೆಗೇ ಕಚ್ಚಿಕೊಂಡು ಕೂರುತ್ತದೆ. ಅದರ ಪಕ್ಕದಲ್ಲಿ ಅಣ್ಣ ಅಂಟಿಸಿದ ಕ್ರಿಕೆಟ್ ಆಟಗಾರ, ಅಕ್ಕ ಅಂಟಿಸಿದ ಮೂಲಧಾತುಗಳ ಪಟ್ಟಿ, ಅದರಡಿಯಲ್ಲಿ ಅಪ್ಪ ಅಂಟಿಸಿದ ಇನ್ನೇನೋ. ಒಟ್ಟಿನಲ್ಲಿ ಗೋಡೆಗೆ ತುರಿಗಜ್ಜಿ ಹಿಡಿದ ಹಾಗೆ. ಆಗ ಅಮ್ಮ ಹೇಳುವ ಮಾತು: 'ಈ ಸಲ ಬಣ್ಣ ಹೊಡೆಸಿಬಿಡೋಣ.'

ಬಣ್ಣ ಹೊಡೆಯುವುದು ಸುಲಭ. ಹೊಡೆದ ಬಣ್ಣ ನಿಲ್ಲುವಂತೆ ಗೋಡೆಯನ್ನು ಸಿದ್ಧಮಾಡುವುದು ಕಷ್ಟ. ಈ ವಾರ ಅದರದೇ ಮಾತು.

ಯುರೋಪಿನ ಮನೆಗಳಲ್ಲಿ ಗೋಡೆಗೆ ಹೂಬಳ್ಳಿಯ ಕಾಗದ ಹಚ್ಚುವುದು ಬಹಳ ಹಿಂದಿನಿಂದ ಬಂದ ಪದ್ಧತಿ. ನಮ್ಮ ಕಡೆ ವಾಲ್‌ಪೇಪರ್ ಬಂದಿದ್ದು ಇತ್ತೀಚೆಗೆ, ಅದೂ ಹಿಂಬದಿಗೆ ಅಂಟಿರುವ ಪ್ಲಾಸ್ಟಿಕ್ ಹಾಳೆಯ ರೂಪದಲ್ಲಿ. ಆದರೆ ಗೋಡೆಗೆ ಕಾಗದ ಅಂಟಿಸುವ ಚಟ ನಮಗೇನೂ ಹೊಸದಲ್ಲ. ಗೂಡುಗಳಿಗೆ, ಅಲಮಾರಿನ ಹಲಗೆಗಳಿಗೆ, ಮಣ್ಣು ಉದುರುವ ಗೋಡೆಗೆ ಹಳೆಯ ದಿನಪತ್ರಿಕೆ ಅಂಟಿಸಿದ ಮನೆಗಳು ಚನ್ನಗಿರಿಯಿಂದ ಜಗಳೂರಿನವರೆಗೆ ಎಲ್ಲ ಕಡೆಯೂ ಇದ್ದವು, ಈಗಲೂ ಹಳ್ಳಿಗಳಲ್ಲಿ ಸಿಗುತ್ತವೆ. ಶಾಲೆಗಳಲ್ಲಂತೂ ಹೇಳುವುದೇ ಬೇಡ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ 'ನಲಿ-ಕಲಿ' ರಾಜ್ಯಕ್ಕೆಲ್ಲ ಹಬ್ಬಿದ ಮೇಲೆ ಒಂದರಿಂದ ಮೂರನೆಯ ತರಗತಿಯ ಕೋಣೆಗಳಲ್ಲಿ ಗೋಡೆಯೇ ಪಠ್ಯಪುಸ್ತಕವಾಯಿತು. ಅಂಟಿಸಿದ ಚಾರ್ಟುಗಳನ್ನು ಒಂದು ದಿನ ಯಾರಾದರೂ ಕೀಳಲೇಬೇಕಲ್ಲ!

ಕೀಳುವ ಮೊದಲು ಒಂದು ಮಾತು. ಹಳೆಯ ಮನೆಯ ಗೋಡೆ ಬರೀ ಗೋಡೆಯಲ್ಲ, ಅದೊಂದು ದಫ್ತರ. ಕಾಗದದ ಅಡಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಹಾಲಿನ ಲೆಕ್ಕ, ಎಮ್ಮೆ ಗಬ್ಬವಾದ ತಾರೀಖು, ಮಕ್ಕಳ ಎತ್ತರದ ಗೆರೆ, ಬೀಜ-ಗೊಬ್ಬರದ ಬಾಕಿ ಸಿಗುವುದುಂಟು. ಗೂಡಿಗೆ ಹಾಸಿದ ಪತ್ರಿಕೆಯಲ್ಲಿ ದಿನಾಂಕವಿರುತ್ತದೆ. ಅದನ್ನು ನೋಡಿದರೆ ಆ ಗೋಡೆಗೆ ಕೊನೆಯ ಸಲ ಕೈಯಿಟ್ಟಿದ್ದು ಯಾವ ವರ್ಷ ಎಂದು ತಿಳಿಯುತ್ತದೆ. 1997ಕ್ಕಿಂತ ಹಿಂದಿನ ಹಾಳೆಯಾದರೆ ಅದರಲ್ಲಿ ದಾವಣಗೆರೆ ಜಿಲ್ಲೆಯೇ ಇರುವುದಿಲ್ಲ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯವು, ಜಗಳೂರು ಚಿತ್ರದುರ್ಗದ್ದು, ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿನ ಒಂದು ಊರು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಅಜ್ಜ-ಅಜ್ಜಿಯರಿಗೆ ತೋರಿಸಿ. ಆಮೇಲೆ ನೀರು ಮುಟ್ಟಿಸಿ.

ಮೊದಲು ಮೇನ್ ಸ್ವಿಚ್ ಆರಿಸಬೇಕು. ಸ್ವಿಚ್ಚಿನ ಹಲಗೆಯ ಸುತ್ತ ಒದ್ದೆ ಬಟ್ಟೆ ಆಡಿಸುವ ಕೆಲಸವಿದು, ಇದರಲ್ಲಿ ರಿಯಾಯಿತಿ ಇಲ್ಲ. ಬಕೆಟ್ಟಿಗೆ ಬಿಸಿನೀರು, ಅದಕ್ಕೊಂದು ಚಿಟಿಕೆ ಸೋಪಿನ ಪುಡಿ. ಕಾಗದಕ್ಕೆ ಮಿರುಗುವ ಮೇಣದ ಮೈಯಿದ್ದರೆ ನೀರು ಒಳಗಿಳಿಯುವುದಿಲ್ಲ. ಮರಳು ಕಾಗದದಿಂದ ಹಗುರಾಗಿ ಗೀರಬೇಕು. ಒದ್ದೆ ಬಟ್ಟೆಯನ್ನು ಕಾಗದದ ಮೇಲೆ ಒತ್ತಿ ಹತ್ತು-ಹದಿನೈದು ನಿಮಿಷ ಸುಮ್ಮನಿರಿ. ಈ ಸುಮ್ಮನಿರುವುದೇ ಹುಡುಗರಿಗೆ ಕಷ್ಟ! ಅಂಟು ನೆನೆದ ಮೇಲೆ ಚಪ್ಪಟೆ ಪಟ್ಟಿಯನ್ನು ಗೋಡೆಗೆ ಓರೆಯಾಗಿ ಹಿಡಿದು ತಳ್ಳಿದರೆ ಕಾಗದ ಸುರುಳಿ ಸುರುಳಿಯಾಗಿ ಏಳುತ್ತದೆ. ಏಳದಿದ್ದರೆ ಮತ್ತೆ ಒದ್ದೆ ಮಾಡಿ, ಮತ್ತೆ ಕಾಯಿರಿ. ಒಣಗೋಡೆಯನ್ನು ಕೆರೆದರೆ ಕಾಗದ ಹೋಗುವುದಿಲ್ಲ, ಗಾರೆ ಹೋಗುತ್ತದೆ. ಮಣ್ಣಿನ ಗೋಡೆಯಾದರೆ ನೀರು ಎರಚಲೇಬಾರದು, ಹಿಂಡಿದ ಬಟ್ಟೆ ಸಾಕು. ಈಚಿನ ಪ್ಲಾಸ್ಟಿಕ್ ವಾಲ್‌ಪೇಪರಿಗೆ ನೀರಿನ ಪ್ರಯೋಗ ನಡೆಯುವುದಿಲ್ಲ. ಕೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿ ಬಿಟ್ಟು, ಮೂಲೆಯಿಂದ ಹಿಡಿದು, ಗೋಡೆಗೆ ಒರಗಿಸಿದಂತೆ ಕೆಳಮುಖವಾಗಿ ನಿಧಾನವಾಗಿ ಎಳೆಯಬೇಕು. ಎದುರಿಗೆ ಜಗ್ಗಿದರೆ ಅಡಿಯ ಪುಟ್ಟಿಯೂ ಬಿಲ್ಲೆಬಿಲ್ಲೆಯಾಗಿ ಬರುತ್ತದೆ.

ಕಾಗದ ಹೋಯಿತು ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅಂಟು ಹೋಗಿರುವುದಿಲ್ಲ. ನಮ್ಮ ಮನೆಗಳಲ್ಲಿ ಅಂಟೆಂದರೆ ಮೈದಾ ಗಂಜಿ ಅಥವಾ ಅನ್ನದ ಅಗುಳು, ಎರಡೂ ಪಿಷ್ಟವೇ. ಒಣಗಿದಾಗ ಕಣ್ಣಿಗೆ ಕಾಣದ ಈ ಪದರ ಹೊಸ ಬಣ್ಣದ ನೀರು ತಾಗಿದೊಡನೆ ಉಬ್ಬುತ್ತದೆ, ಬಣ್ಣ ಒಣಗುವಾಗ ಕುಗ್ಗಿ ಅದನ್ನೂ ಎಳೆದುಕೊಂಡು ಬಿರಿಯುತ್ತದೆ. ಮಳೆಗಾಲದಲ್ಲಿ ಅದೇ ಅಂಟು ಬೂಷ್ಟಿಗೆ ಊಟವಾಗುತ್ತದೆ. ಪಿಷ್ಟ ಉಳಿದಿದೆಯೇ ಎಂದು ಕಂಡುಹಿಡಿಯುವುದು ಹೇಗೆ? ವಿಜ್ಞಾನದ ಪುಸ್ತಕದಲ್ಲಿ ಉತ್ತರವಿದೆ. ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್ನನ್ನು ನೀರಿನಲ್ಲಿ ತೆಳುವಾಗಿ ಬೆರೆಸಿ, ಹತ್ತಿಯಿಂದ ಗೋಡೆಯ ಮೂಲೆಯಲ್ಲೊಂದು ಚುಕ್ಕೆ ಇಡಿ. ಕಂದು ಬಣ್ಣ ಹಾಗೆಯೇ ಇದ್ದರೆ ಗೋಡೆ ಶುದ್ಧ. ಕಡುನೀಲಿಯಾದರೆ ಪಿಷ್ಟ ಇದೆ, ಇನ್ನೊಮ್ಮೆ ತೊಳೆಯಬೇಕು. ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ಈ ಪರೀಕ್ಷೆ ಮಾಡಿದರೆ ಅಯೋಡಿನ್ನಿನ ಬಣ್ಣವೇ ಹಾರಿಹೋಗುತ್ತದೆ. ಏಕೆಂದು ರಸಾಯನಶಾಸ್ತ್ರದ ಮೇಷ್ಟ್ರನ್ನು ಕೇಳಿ. ಫೆವಿಕಾಲಿನಂಥ ಅಂಟಿಗೆ ಬೆರಳೇ ಪರೀಕ್ಷಕ: ಒದ್ದೆ ಬೆರಳಾಡಿಸಿದಾಗ ಜಾರಿದರೆ, ಅಂಟಿದರೆ, ಇನ್ನೂ ಇದೆ ಎಂದರ್ಥ. ತೊಳೆಯುವ ನೀರನ್ನು ಎರಡು ಮೂರು ಸಲ ಬದಲಿಸದಿದ್ದರೆ ಅದೇ ಗಂಜಿಯನ್ನು ಗೋಡೆಗೆಲ್ಲ ಹಂಚಿದಂತಾಗುತ್ತದೆ.

ಈಗ ಗೋಡೆಯನ್ನು ಓದುವ ಕೆಲಸ. ಸೆಲ್ಲೊಟೇಪಿನ ಒಂದು ತುಂಡನ್ನು ಗೋಡೆಗೆ ಒತ್ತಿ, ಉಜ್ಜಿ, ಸರಕ್ಕನೆ ಎಳೆಯಿರಿ. ಟೇಪಿನ ತುಂಬ ಬಿಳಿ ಹಿಟ್ಟು ಬಂದರೆ ಮೇಲೆ ಎಂಥ ದುಬಾರಿ ಬಣ್ಣ ಹೊಡೆದರೂ ಅದು ನಿಲ್ಲುವುದು ಆ ಹಿಟ್ಟಿನ ಮೇಲೆ, ಗೋಡೆಯ ಮೇಲಲ್ಲ. 'ಮ್ಯಾಲೆ ಒಂದು ಕೋಟು ಹೊಡದ್ರೆ ಎಲ್ಲಾ ಮುಚ್ಚಿ ಹೋಕ್ಕತಿ ಬಿಡ್ರಿ' ಎನ್ನುವವರನ್ನು ನಂಬಬೇಡಿ. ಮುಚ್ಚಿಹೋಗುವುದು ನಿಜ, ಒಂದು ಮಳೆಗಾಲದ ಮಟ್ಟಿಗೆ. ಗುತ್ತಿಗೆ ಹಿಡಿದವರಿಗೆ ಉಜ್ಜುವ ಕೂಲಿ ಗಿಟ್ಟುವುದಿಲ್ಲ, ಆದ್ದರಿಂದ ಅವರು ಅವಸರ ಮಾಡುತ್ತಾರೆ. ಆ ಕೂಲಿಯನ್ನು ಬೇರೆಯಾಗಿ ಮಾತಾಡಿಕೊಳ್ಳುವುದೇ ಜಾಣತನ.

ಸುಣ್ಣ ಹಿಟ್ಟಾಗುವುದೇಕೆ? ಸುಣ್ಣದ ಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಅದರಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. 100 ಗ್ರಾಂ ಶುದ್ಧ ಕಲ್ಲಿನಿಂದ 44 ಗ್ರಾಂ ಅನಿಲ ಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ನೀರಿಗೆ ಹಾಕಿದರೆ ಅದು ಕೊತಕೊತ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಅಂದರೆ ಸುಣ್ಣ ಬಳಿಯುವುದೆಂದರೆ ಗೋಡೆಗೆ ತೆಳುವಾದ ಕಲ್ಲಿನ ಅಂಗಿ ತೊಡಿಸಿದಂತೆ. ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ, ಇಂಗ್ಲೆಂಡಿನಲ್ಲಿ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಪುಷ್ಕರಿಣಿಯ ವಸಂತ ಮಂಟಪ 16ನೆಯ ಶತಮಾನದ್ದು. ನೀರಿನ ನಡುವೆಯೇ ನಿಂತಿದೆ. ಸಿಮೆಂಟಿನ ಹೆಸರೇ ಇಲ್ಲದ ಕಾಲದ ಕಟ್ಟಡವದು.

ಆದರೆ ಈ ಕಲ್ಲಾಗುವ ಕ್ರಿಯೆಗೆ ತೇವ ಬೇಕು. ಜಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ಕಾದ ಒಣಗೋಡೆಗೆ ಸುಣ್ಣ ಬಳಿದರೆ ಗೋಡೆ ನೀರನ್ನು ಗಟಗಟನೆ ಕುಡಿದುಬಿಡುತ್ತದೆ, ಸುಣ್ಣ ಕಲ್ಲಾಗುವ ಮೊದಲೇ ಒಣಗಿ ಹಿಟ್ಟಾಗಿ ಉಳಿಯುತ್ತದೆ. ಕೈಯಿಟ್ಟರೆ ಅಂಗಿಗೆಲ್ಲ ಬಿಳಿ. ಹಾಗಾಗಿ ಅಲ್ಲಿ ಬೆಳಗ್ಗೆಯೋ ಇಳಿಹೊತ್ತಿನಲ್ಲೋ, ಗೋಡೆಗೆ ನೀರು ಚಿಮುಕಿಸಿ, ಸುಣ್ಣವನ್ನು ತೆಳುವಾಗಿ ಎರಡು ಮೂರು ಸಲ ಬಳಿಯಬೇಕು. ಮರುದಿನ ಮತ್ತೆ ಹಗುರಾಗಿ ನೀರು ಚಿಮುಕಿಸಬೇಕು. ಒಂದು ಕಿಲೋ ಸುಣ್ಣಕ್ಕೆ ಸುಮಾರು ಐದು ಲೀಟರ್ ನೀರು, ಒಂದು ದಿನ ನೆನೆಸಿ ಒರಟು ಬಟ್ಟೆಯಲ್ಲಿ ಸೋಸಿ, ಹತ್ತು ಲೀಟರ್ ಸುಣ್ಣದ ಹಾಲಿಗೆ 40 ಗ್ರಾಂ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸುವುದು ಲೋಕೋಪಯೋಗಿ ಕೆಲಸಗಳಲ್ಲಿ ಪಾಲಿಸುತ್ತ ಬಂದ ಅಳತೆ. ನೀಲಿ ಕಿಲೋಗೆ ಮೂರು ಗ್ರಾಂ ಮೀರಬಾರದು, ಮೀರಿದರೆ ಮನೆ ಪೊಲೀಸ್ ಠಾಣೆಯಂತೆ ಕಾಣುತ್ತದೆ.

ಹೊನ್ನಾಳಿ, ನ್ಯಾಮತಿಯ ಕಥೆ ಬೇರೆ. ತುಂಗಭದ್ರೆಯ ದಂಡೆಯ ತಗ್ಗಿನ ಮನೆಗಳು, ಕಾಲುವೆ ನೀರಿನ ಗದ್ದೆಗಳಿಗೆ ಅಂಟಿಕೊಂಡ ಮನೆಗಳು ನೆಲದಿಂದ ತೇವ ಕುಡಿಯುತ್ತವೆ. ದೀಪದ ಬತ್ತಿ ಎಣ್ಣೆ ಏರಿಸಿಕೊಳ್ಳುವಂತೆ ಇಟ್ಟಿಗೆಯ ಸಣ್ಣ ರಂಧ್ರಗಳು ನೀರನ್ನು ಮೇಲೇರಿಸಿಕೊಳ್ಳುತ್ತವೆ. ಮೊಣಕಾಲಿನಿಂದ ಸೊಂಟದ ಎತ್ತರದವರೆಗೆ ಗೋಡೆ ಮಂಕಾಗಿ, ಹತ್ತಿಯಂಥ ಬಿಳಿ ಉಪ್ಪು ಅರಳುತ್ತದೆ. ನೀರು ಆವಿಯಾದಾಗ ಅದರಲ್ಲಿ ಕರಗಿದ್ದ ಲವಣ ಮೈಮೇಲೆ ಹರಳಾಗಿ ಬಣ್ಣವನ್ನು ಒಳಗಿನಿಂದಲೇ ತಳ್ಳುತ್ತದೆ. ಈ ಉಪ್ಪನ್ನು ನೀರಿನಲ್ಲಿ ತೊಳೆದರೆ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಒಣ ಬ್ರಶ್ಶಿನಿಂದ ಉಜ್ಜಿ, ಮೊರದಲ್ಲಿ ಹಿಡಿದು ಹೊರಗೆಸೆಯಬೇಕು. ಜಗಳೂರಿನಲ್ಲಿ ಮೇಲಿನ ತೇವ ಕಡಿಮೆಯಾದರೂ ಕೊಳವೆಬಾವಿಯ ಗಡಸು ನೀರಿನಲ್ಲಿ ಗಾರೆ ಕಲಸಿದ ಗೋಡೆಗಳಿಗೆ ಇದೇ ಕಾಟ ಉಂಟು.

ಗೋಡೆ ಒಣಗಿದೆಯೇ ಎಂದು ತಿಳಿಯಲು ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ನೀರು ಬರುತ್ತಿರುವುದು ಗೋಡೆಯಿಂದ. ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯಿಂದ. ರಜೆಯ ಪ್ರಾಜೆಕ್ಟಿಗೆ ಇದಕ್ಕಿಂತ ಅಗ್ಗದ ಪ್ರಯೋಗ ಇಲ್ಲ. ಹಾಗೆ ನೋಡಿದರೆ ನಾವು ದಸರಾ-ದೀಪಾವಳಿಗೆ ಬಣ್ಣ ಹೊಡೆಸುವುದೇ ತಪ್ಪು ಲೆಕ್ಕ. ಜೂನ್‌ನಿಂದ ನೆನೆದ ಗೋಡೆ ಅಕ್ಟೋಬರಿನಲ್ಲಿ ಇನ್ನೂ ಒಳಗೆ ಹಸಿಯಾಗಿರುತ್ತದೆ. ಹಬ್ಬಕ್ಕೆ ಹೊಸತಾಗಿ ಕಾಣಬೇಕೆಂಬ ಆಸೆ ಸಹಜವೇ. ಆದರೆ ಹೊನ್ನಾಳಿ ಸೀಮೆಯವರಿಗೆ ಯುಗಾದಿಯಿಂದ ಮೇ ನಡುವಿನ ದಿನಗಳೇ ಒಳ್ಳೆಯವು. ಅದು ಮಕ್ಕಳಿಗೂ ರಜೆಯ ಕಾಲ.

ಚನ್ನಗಿರಿಯವರಿಗೆ ಇನ್ನೊಂದು ವಿಶೇಷ ತೊಂದರೆ: ಅಡಿಕೆಯ ಚೊಗರು. ಅಡಿಕೆ ಬೇಯಿಸುವ ಮನೆಯ ಹಿತ್ತಿಲ ಗೋಡೆ, ಕೊಟ್ಟಿಗೆಯ ಗೋಡೆ, ಬಾಗಿಲ ಪಕ್ಕ ಕೈಯೊರಸಿದ ಜಾಗ ಎಲ್ಲ ಕೆಂಪು-ಕಪ್ಪು. ಚೊಗರಿನಲ್ಲಿರುವುದು ಟ್ಯಾನಿನ್, ನೀರಿನಲ್ಲಿ ಕರಗುವಂಥದು. ಅದರ ಮೇಲೆ ಸುಣ್ಣವನ್ನೋ ನೀರಿನ ಬಣ್ಣವನ್ನೋ ಎಷ್ಟು ಸಲ ಬಳಿದರೂ ಪ್ರತಿ ಸಲವೂ ಕಲೆ ಆ ನೀರಿನಲ್ಲಿ ಕರಗಿ ಮೇಲೆದ್ದು ಬರುತ್ತದೆ. ಸೌದೆ ಒಲೆಯ ಅಡುಗೆಮನೆಯ ಇಲ್ಲಣವೂ ಹೀಗೆಯೇ ಹಳದಿಯಾಗಿ ಇಣುಕುತ್ತದೆ. ತೊಳೆದು ಚೆನ್ನಾಗಿ ಒಣಗಿಸಿ, ಆ ಜಾಗಕ್ಕೆ ಮಾತ್ರ ಎಣ್ಣೆ ಮೂಲದ ಪ್ರೈಮರನ್ನು ಒಂದು ಕೈ ಹಚ್ಚಿದರೆ ಕಲೆಗೆ ಬೇಲಿ ಹಾಕಿದಂತೆ. ಆದರೆ ಹಸಿ ಸುಣ್ಣ, ಹಸಿ ಸಿಮೆಂಟಿನ ಮೇಲೆ ಎಣ್ಣೆಯ ಯಾವ ಬಣ್ಣವೂ ಕೂಡದು. ಎಣ್ಣೆಯೂ ಕ್ಷಾರವೂ ಸೇರಿದರೆ ಏನಾಗುತ್ತದೆಂದು ಹತ್ತನೆಯ ತರಗತಿಯವರಿಗೆ ಗೊತ್ತು: ಸಾಬೂನು!

ಇನ್ನು ತಂದೆ-ತಾಯಂದಿರು ಗಮನವಿಟ್ಟು ಓದಬೇಕಾದ ಮಾತು. ಹಳೆಯ ಮನೆಗಳಲ್ಲಿ, ಶಾಲೆಗಳಲ್ಲಿ ಗೋಡೆಯ ಕೆಳಗಿನ ಮೂರು-ನಾಲ್ಕು ಅಡಿಗೆ ಕೊಳೆ ಕಾಣಬಾರದೆಂದು ಎಣ್ಣೆಬಣ್ಣ ಹೊಡೆಯುತ್ತಿದ್ದರು. ಕಿಟಕಿ ಸರಳು, ಬಾಗಿಲುಗಳಿಗೂ ಅದೇ. ಹಳೆಯ ಎಣ್ಣೆಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರುಗಳಲ್ಲಿ, ಸೀಸದ ಸಂಯುಕ್ತಗಳು ಇರುತ್ತಿದ್ದವು. ಅಮೆರಿಕದಲ್ಲಿ ಮನೆಬಳಕೆಯ ಸೀಸದ ಬಣ್ಣವನ್ನು 1978ರಲ್ಲೇ ನಿಷೇಧಿಸಿದರು. ನಮ್ಮಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗದ ಮಿತಿ ಹಾಕಿದ ನಿಯಮ ಬಂದಿದ್ದು 2016ರಲ್ಲಿ, ಜಾರಿಗೆ ಬಂದಿದ್ದು 2017ರ ನವೆಂಬರ್ 1ರಂದು. ಅಂದರೆ ಅದಕ್ಕೂ ಹಿಂದಿನ ಎಣ್ಣೆಬಣ್ಣವೆಂದರೆ ಸೀಸ ಇದೆಯೆಂದೇ ಎಣಿಸುವುದು ಕ್ಷೇಮ. ಒಣ ಮರಳು ಕಾಗದದಿಂದ ಉಜ್ಜಿದಾಗ ಏಳುವ ಧೂಳು ಉಸಿರಿನಲ್ಲಿ, ಕೈಬೆರಳಿನಲ್ಲಿ, ತಿಂಡಿಯಲ್ಲಿ ಸೇರಿ ಮಗುವಿನ ರಕ್ತಕ್ಕೆ ಹೋಗುತ್ತದೆ. ಸೀಸ ಬೆಳೆಯುವ ಮೆದುಳಿಗೆ ಪೆಟ್ಟು ಕೊಡುತ್ತದೆ: ಕಲಿಕೆ ಕುಂಠಿತವಾಗುತ್ತದೆ, ಗಮನ ನಿಲ್ಲುವುದಿಲ್ಲ. ಇಷ್ಟು ಸೀಸವಾದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗ ಓದಲೆಂದು ಕೋಣೆ ಚೆಂದ ಮಾಡಲು ಹೋಗಿ ಓದುವ ಶಕ್ತಿಗೇ ಕುತ್ತು ತಂದರೆ ಏನು ಬಂತು?

ಹಾಗಾದರೆ ಮಾಡುವುದೇನು? ಎಣ್ಣೆಬಣ್ಣ ಗಟ್ಟಿಯಾಗಿ ಕೂತಿದ್ದರೆ ಕೀಳುವುದೇ ಬೇಡ. ಸೋಪುನೀರಿನಲ್ಲಿ ತೊಳೆದು, ನೀರು ಹಾಕಿ ಉಜ್ಜುವ ವಾಟರ್ ಪೇಪರಿನಿಂದ ಒದ್ದೆಯಾಗಿಯೇ ಮೈ ಒರಟು ಮಾಡಿ, ಮೇಲೆ ಪ್ರೈಮರ್ ಹಚ್ಚಿದರಾಯಿತು. ಏಳುತ್ತಿರುವ ಹೆಕ್ಕಳಿಕೆಯನ್ನು ನೀರು ಚಿಮುಕಿಸಿ ಕೆರೆಯಬೇಕು. ಈ ಕೆಲಸ ಮಕ್ಕಳದ್ದಲ್ಲ. ಮಕ್ಕಳು, ಬಸುರಿಯರು ಆ ಹೊತ್ತಿಗೆ ಮನೆಯಲ್ಲೇ ಇರಬಾರದು. ದೊಡ್ಡವರೂ ಧೂಳು ತಡೆಯುವ ಮಾಸ್ಕ್ ಕಟ್ಟಿಕೊಳ್ಳಬೇಕು. ಬೆಂಕಿ ಹಿಡಿದು ಸುಡುವುದಂತೂ ಕೂಡದು. ಕೊನೆಗೆ ಕಸಬರಿಗೆ ಹಾಕದೆ ಒದ್ದೆ ಬಟ್ಟೆಯಲ್ಲಿ ನೆಲ ಒರಸಿ, ತೊಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಗೋಡೆ ವಿಷವಾಗುವ ಕಥೆ ಹೊಸತಲ್ಲ. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ 1775ರಲ್ಲಿ ಕಂಡುಹಿಡಿದ ಸುಂದರ ಹಸಿರು ಬಣ್ಣದಲ್ಲಿ ತಾಮ್ರದ ಜೊತೆ ಆರ್ಸೆನಿಕ್ ಇತ್ತು. 19ನೆಯ ಶತಮಾನದ ಯುರೋಪಿನ ವಾಲ್‌ಪೇಪರುಗಳಲ್ಲಿ ಅದೇ ಹಸಿರು ತುಂಬಿಕೊಂಡಿತ್ತು. ಅಪಾಯ ತಿಳಿದು ಜನ ಅದನ್ನು ಬಿಡುವಷ್ಟರಲ್ಲಿ ಬಹಳ ವರ್ಷಗಳಾದವು.

ಸುಣ್ಣ ಸೀಸದಂಥ ವಿಷವಲ್ಲ, ಆದರೆ ಕಣ್ಣಿಗೆ ಅದು ಬೆಂಕಿ. ಸುಣ್ಣ ಅರಳಿಸುವಾಗ ಮಕ್ಕಳು ಬಗ್ಗಿ ನೋಡುತ್ತಾರೆ, ಅದು ಸಿಡಿಯುತ್ತದೆ. ದೊಡ್ಡ ಕಬ್ಬಿಣದ ಪಾತ್ರೆಯಲ್ಲಿ ಮೊದಲು ನೀರು ಹಾಕಿ, ಆಮೇಲೆ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಸುಣ್ಣದ ಮೇಲೆ ನೀರು ಸುರಿಯಬಾರದು. ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಎಣ್ಣೆ, ತುಪ್ಪ, ಹಾಲು ಹಾಕಬೇಡಿ. ರೆಪ್ಪೆ ಬಿಡಿಸಿ ಹಿಡಿದು ಶುದ್ಧ ನೀರನ್ನು ಕಾಲು ಗಂಟೆಗಿಂತ ಹೆಚ್ಚು ಹೊತ್ತು ಹುಯ್ಯುತ್ತಲೇ ಇದ್ದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೂಷ್ಟು ತೊಳೆಯಲು ಬ್ಲೀಚಿಂಗ್ ಪೌಡರ್ ಕರಗಿಸಿದ ನೀರು ಒಳ್ಳೆಯದು, ಆದರೆ ಅದಕ್ಕೆ ಪಾಯಿಖಾನೆ ತೊಳೆಯುವ ಆಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಸಂಚಕಾರ.

ಉಳಿದದ್ದು ತೂತು, ಬಿರುಕು ತುಂಬುವ ಕೆಲಸ. ಕೂದಲೆಳೆಯ ಬಿರುಕಿಗೆ ಮೇಲಿಂದ ಪುಟ್ಟಿ ಸವರಿದರೆ ನಿಲ್ಲುವುದಿಲ್ಲ. ಪಟ್ಟಿಯ ಮೂಲೆಯಿಂದ ಬಿರುಕನ್ನು ಸ್ವಲ್ಪ ಅಗಲ ಮಾಡಿ, ಧೂಳು ತೆಗೆದು, ಒದ್ದೆ ಮಾಡಿ ತುಂಬಬೇಕು. ಸಿಮೆಂಟ್ ಗೋಡೆಯಾದರೆ ಸಿಮೆಂಟ್ ಪುಟ್ಟಿಯನ್ನು ತೆಳುವಾಗಿ ಎರಡು ಕೈ, ಒಣಗಿದ ಮೇಲೆ ನಯವಾದ ಮರಳು ಕಾಗದ, ಧೂಳೊರಸಿ ಪ್ರೈಮರ್, ಒಂದು ರಾತ್ರಿ ಬಿಟ್ಟು ಬಣ್ಣ. ಮಣ್ಣಿನ ಗೋಡೆಗೆ ಈ ಯಾವುದೂ ಬೇಡ. ಜಗಳೂರು ಕಡೆಯ ಮಾಳಿಗೆ ಮನೆಗಳಿರಲಿ, ನ್ಯಾಮತಿ ಕಡೆಯ ಹೆಂಚಿನ ಮನೆಗಳಿರಲಿ, ಮಣ್ಣಿನ ಗೋಡೆ ತೇವವನ್ನು ಒಳಗೂ ಹೊರಗೂ ಬಿಡುತ್ತ ಬದುಕುವಂಥದು. ಅದಕ್ಕೆ ಸಿಮೆಂಟ್ ಗಾರೆ ಮೆತ್ತಿ ಪ್ಲಾಸ್ಟಿಕ್ ಬಣ್ಣ ಹೊಡೆದರೆ ತೇವ ಒಳಗೇ ಸಿಕ್ಕಿ, ಹೊರಗಿನ ಪದರ ಒಂದು ದಿನ ಹಪ್ಪಳದಂತೆ ಏಳುತ್ತದೆ. ಜಾಹೀರಾತಿನ ಮಾತು ಬೇರೆ, ನನ್ನ ಮಟ್ಟಿಗೆ ಮಣ್ಣಿನ ಗೋಡೆಗೆ ಸುಣ್ಣವೇ ಸೈ. ತೂತನ್ನು ಜರಡಿ ಹಿಡಿದ ಮಣ್ಣಿಗೆ ಕತ್ತರಿಸಿದ ಹುಲ್ಲು ಕಲಸಿ ತುಂಬಿ, ಪೂರ್ತಿ ಒಣಗಲು ಬಿಟ್ಟು, ಮೇಲೆ ಸುಣ್ಣ ಬಳಿಯಿರಿ.

ಕಿತ್ತ ಕಾಗದವನ್ನು ತಿಪ್ಪೆಗೆ ಹಾಕಬೇಡಿ. ಗಂಜಿಯ ವಾಸನೆಗೆ ದನಗಳು ಬಂದು ಅದನ್ನು ಮಸಿ, ಬಣ್ಣ, ಸುಣ್ಣದ ಸಮೇತ ತಿನ್ನುತ್ತವೆ. ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಕಸದ ಗಾಡಿಗೆ ಕೊಡಿ. ಮತ್ತೆ ಬರುವ ವರ್ಷದ ವೇಳಾಪಟ್ಟಿಗೆ? ಮೂರಡಿ ಉದ್ದದ ಮರದ ರೀಪೊಂದನ್ನು ಎರಡು ಮೊಳೆಗೆ ಕೂರಿಸಿ, ಅದಕ್ಕೆ ಬಟ್ಟೆ ಒಣಹಾಕುವ ನಾಲ್ಕು ಕ್ಲಿಪ್ಪು ಸಿಕ್ಕಿಸಿ. ವೇಳಾಪಟ್ಟಿ, ಭೂಪಟ, ಕ್ರಿಕೆಟ್ ಆಟಗಾರ, ಎಲ್ಲರೂ ಅದರಲ್ಲೇ ನೇತಾಡಲಿ.